ಇಂಜಿನ್ನಿನ ಮೇಲಿನ ಇಂಗ್ಲಿಷು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಹುಬ್ಬಳ್ಳಿಯಲ್ಲಿ ನನ್ನ ಕೈಯಲ್ಲಿ ಕಲಿತವರು ಯಾರು ಸಿಕ್ಕರೂ ಹೇಗೂ ಹೇಳದೆ ಬಿಡುವುದಿಲ್ಲ. ಪಂಢರಿನಾಥ ಮಾಸ್ತರರ ಮೂಗಿನ ತುದಿಯಲ್ಲಿ ಚಷ್ಮಾ ಮತ್ತು ಸಿಟ್ಟು ಎರಡೂ ಕೂಡಿಯೇ ಕೂತಿರುತ್ತವೆ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಮೂವತ್ತು ವರ್ಷ ಇಂಗ್ಲಿಷು ಕಲಿಸಿದೆ. ಆ ಮೂವತ್ತು ವರ್ಷದಲ್ಲಿ ಒಬ್ಬ ಇಂಗ್ಲಿಷರವನ ಎದುರು ಕೂತು ನಾಲ್ಕು ಮಾತಾಡಿದವನಲ್ಲ. ವರ್ಷಕ್ಕೊಮ್ಮೆ ತಪಾಸಣೆಗೆ ಬರುವ ಸಾಹೇಬನಿಗೆ ‘ಗುಡ್ ಮಾರ್ನಿಂಗ್ ಸರ್’ ಎನ್ನುತ್ತಿದ್ದೆ, ಅವನು ತಲೆ ಅಲ್ಲಾಡಿಸುತ್ತಿದ್ದ, ಮುಗಿಯಿತು. ಆದರೂ ಊರಿನಲ್ಲಿ ಇಂಗ್ಲಿಷೆಂದರೆ ನಾನೇ ಎಂಬ ಜಂಬ ನನಗೆ ಗಂಟಲಮಟ ಇತ್ತು.

ಫಕ್ರುಸಾಬ ನಮ್ಮ ಮನೆಗೆ ಬಂದದ್ದು ೧೯೩೪ರ ಶ್ರಾವಣದಲ್ಲಿ. ಅವನ ಹೆಂಡತಿ ತಾಜಬಿ ಹಳೇ ಹುಬ್ಬಳ್ಳಿಯಿಂದ ನಡೆದು ಬಂದು, ನಮ್ಮ ಹಳೆಯ ಸೀರೆ, ಧೋತರಗಳನ್ನೆಲ್ಲ ಜೋಡಿಸಿ ಕೌದಿ ಹೊಲಿದುಕೊಡುತ್ತಿದ್ದಳು. ನನ್ನ ಹೆಂಡತಿ ಅಂಬಾಬಾಯಿಗೂ ಅವಳಿಗೂ ಬಹಳ ಬಳಕೆ. ಒಂದು ದಿನ ಆಕೆ ಸೂಜಿ ಕೆಳಗಿಟ್ಟು ಅತ್ತಳಂತೆ. ಗಂಡ ಹದಿನಾರು ವರ್ಷದಿಂದ ರೇಲ್ವೆಯಲ್ಲಿ ಫಾಯರ್‌ಮನ್, ಎಂದರೆ ಇಂಜಿನ್ನಿನ ಒಲೆಗೆ ಸಲಿಕೆಯಿಂದ ಕಲ್ಲಿದ್ದಲು ಎಸೆಯುವ ಕೆಲಸ. ಎದೆ ಕೆಟ್ಟಿದೆ, ಕೆಮ್ಮಿದರೆ ಕರ್ರಗೆ ಬೀಳುತ್ತದೆ. ಸಲಿಕೆ ಬಿಡದಿದ್ದರೆ ಎರಡು ವರ್ಷ ಸಹ ಬದುಕುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಡ್ರೈವರನಾದರೆ ಸಲಿಕೆ ತಪ್ಪುತ್ತದೆ. ಆದರೆ ವಿಲಾಯತಿಯಿಂದ ಬಂದ ಹೊಸ ಫೋರ್‌ಮನ್ ಸಾಹೇಬ, ಡ್ರೈವರನಾಗುವವನು ತನ್ನ ಕೆಲಸವನ್ನೆಲ್ಲ ಇಂಗ್ಲಿಷಿನಲ್ಲಿ ಬಾಯಿಂದ ಹೇಳಬೇಕು ಎಂದು ಕಾಯಿದೆ ಮಾಡಿದ್ದ. ಪರೀಕ್ಷೆ ವರ್ಷಕ್ಕೊಂದೇ ಸಲ. ನಲವತ್ತೈದು ದಾಟಿದವರಿಗೆ ಇಲ್ಲ. ಫಕ್ರುಸಾಬನಿಗೆ ಆಗ ನಲವತ್ತೈದು ನಡೆದಿತ್ತು.

“ಒಂದು ತಿಂಗಳು ಹೇಳಿಕೊಡ್ರಿ. ಒಂದು ಜೀವ ಉಳೀತದ,” ಎಂದಳು ಅಂಬಾಬಾಯಿ. ನಾನು ಒಪ್ಪಿದೆ. ದೊಡ್ಡ ಉಪಕಾರ ಮಾಡುವವನ ಗತ್ತಿನಲ್ಲೇ ಒಪ್ಪಿದೆ.

ಮರುದಿನ ಸಂಜೆ ಅವನು ಬಂದು ಪಡಸಾಲೆಯ ಹೊಸ್ತಿಲ ಬಳಿ ಕೂತ. ಎತ್ತರದ ಆಳು, ಕೈ ಎರಡೂ ಸುಟ್ಟ ಕಲೆಗಳಿಂದ ತುಂಬಿದ್ದವು. 

“ನೀ ದಿನಾ ಏನೇನು ಮಾಡ್ತಿ, ಮುಂಜಾನಿಂದ ಹೇಳು ನೋಡೋಣ. ಇಂಗ್ಲಿಷಿನ್ಯಾಗ,” ಎಂದೆ.

ಅವನು ಕಣ್ಣು ಮುಚ್ಚಿದ. ಬಲಗೈ ಗಾಳಿಯಲ್ಲಿ ಏನನ್ನೋ ಹಿಡಿಯಿತು. ಆಮೇಲೆ ಒಂದೇ ಉಸಿರಿಗೆ ಸುರುವಾದ: ‘ಐ ಗೆಟ್ ಅಪ್ ಫೋರ್ ಓ ಕ್ಲಾಕ್. ಐ ಪುಟ್ ಆನ್ ಬೂಟ್. ಐ ಟೇಕ್ ಓವರ್ ಇಂಜಿನ್. ಐ ರೇಕ್ ಔಟ್ ಫಾಯರ್. ಐ ಫಿಲ್ ಅಪ್ ಟ್ಯಾಂಕ್. ಐ ಲುಕ್ ಔಟ್ ಸಿಗ್ನಲ್. ಐ ಶಟ್ ಆಫ್ ಸ್ಟೀಮ್. ಐ ಬ್ಯಾಕ್ ಅಪ್. ಐ ನಾಕ್ ಆಫ್.’

“ಏ, ನಿಲ್ಲಸು, ನಿಲ್ಲಸು! ಯಾರಿಗೆ ಹೊಡೀತಿ?”

“ಯಾರಿಗೂ ಇಲ್ರಿ ಮಾಸ್ತರ.”

“ಮತ್ತ ನಾಕ್ ಅಂದ್ರ ಏನು? ಹೊಡಿಯೂದು. ಆಫ್ ಅಂದ್ರ ಆಚೆ.”

“ಅಲ್ರಿ, ಕೆಲಸಾ ಮುಗಿಸಿ ಮನಿಗೆ ಹೊಂಡತೇನ್ರಿ. ಡ್ರೈವರ ಸಾಹೇಬ್ರು ಹಂಗ ಅಂತಾರ್ರಿ.”

ನನಗೆ ಮೈ ಉರಿದುಹೋಯಿತು. ಗೆಟ್ ಅಪ್, ಪುಟ್ ಆನ್ ಇವೆಲ್ಲ ನನಗೂ ಗೊತ್ತಿದ್ದವೇ. ಇಂಗ್ಲಿಷ್ ಒಂದನೆಯ ಇಯತ್ತೆಯ ಹುಡುಗರಿಗೆ ಹೇಳಿಕೊಟ್ಟು, ಎರಡನೆಯ ಇಯತ್ತೆಗೆ ಬಂದ ಕೂಡಲೇ ಆ ರೂಢಿ ಬಿಡಿಸುತ್ತಿದ್ದೆ. ನಾವು ಕಲಿತದ್ದು ಭಾಷಾಂತರದ ದಾರಿಯಲ್ಲಿ. ಶಬ್ದ ಉದ್ದವಾದಷ್ಟೂ ಇಂಗ್ಲಿಷು ದೊಡ್ಡದು ಎಂಬುದು ನಮ್ಮ ಮಾಸ್ತರರು ನಮಗೆ ಕೊಟ್ಟ ಪಾಠ, ನಾವು ನಮ್ಮ ಹುಡುಗರಿಗೆ ದಾಟಿಸಿದ ಪಾಠ. ಆ ಸಂಜೆಯೇ ಫಕ್ರುಸಾಬನ ಮಾತನ್ನೆಲ್ಲ ತಿದ್ದಿ ಬರೆದೆ. ಅವನು ಗೆಟ್ ಅಪ್ ಆಗಬಾರದು, ‘ಅರೈಸ್’ ಆಗಬೇಕು. ಟ್ಯಾಂಕು ತುಂಬಿಸುವುದಕ್ಕೆ ‘ರಿಪ್ಲೆನಿಶ್’. ಉಗಿ ಬಂದ್ ಮಾಡುವುದಕ್ಕೆ ‘ಡಿಸ್‌ಕಂಟಿನ್ಯೂ’. ಇಂಜಿನ್ನು ಹಿಂದಕ್ಕೆ ತರುವುದಕ್ಕೆ ಬ್ಯಾಕ್ ಅಪ್ ಎಂಬುದು ಗಾಡಿಯವರ ಮಾತು, ‘ರಿಟ್ರೀಟ್’ ಎನ್ನಬೇಕು. 

ಒಳಗೆ ಅಕ್ಕಿ ಆರಿಸುತ್ತಿದ್ದ ಅಂಬಾಬಾಯಿ, ಫಕ್ರುಸಾಬ ಆ ‘ರಿಪ್ಲೆನಿಶ್’ನ ಜೊತೆ ಗುದ್ದಾಡುವುದನ್ನು ಕೇಳಿ ಸುಮ್ಮನಿರಲಾರದೆ ಹೋದಳು.

“ಹೊಟ್ಟಿಗೆ ಹಿಟ್ಟಿಲ್ಲಾಂದ್ರೂ ಜುಟ್ಟಿಗೆ ಮಲ್ಲಿಗಿ ಹೂವಂತ. ಪಾಪ, ಅಂವಗ ನೀರು ತುಂಬಸೂದು ಬಂದ್ರ ಸಾಕಲ್ಲ?”

“ನಿನಗೇನು ತಿಳೀತದ? ಅಕ್ಕಿ ನೋಡು,” ಎಂದೆ.

ಫಕ್ರುಸಾಬ ಮಾತ್ರ ಒಂದು ಮಾತೂ ಎದುರಾಡಲಿಲ್ಲ. “ಹೂಂರಿ ಮಾಸ್ತರ,” ಎಂದು ಹೇಳಿದ್ದನ್ನು ಹೇಳಿದಂತೆ ಬಾಯಿಪಾಠ ಮಾಡಿದ.

ನಾಲ್ಕೈದು ದಿನ ಹೀಗೆ ನಡೆಯಿತು. ಒಂದು ಸಂಜೆ ನಾನು, “ಅಷ್ಟು ಬೆಂಕಿ ಮುಂದ ಹೆಂಗ ನಿಂದರ್ತೀಯೋ?” ಎಂದು ಸುಮ್ಮನೆ ಕೇಳಿದೆ. ಅವನು ನಕ್ಕು, “ನಮ್ಮ ಮುದುಕ ಡ್ರೈವರ ಸಾಹೇಬ್ರಿಗೆ ಯಾರರೆ ಹಿಂಗ ಕೇಳಿದ್ರ, ‘ಐ ಪುಟ್ ಅಪ್ ವಿತ್ ಇಟ್’ ಅಂತಾರ್ರಿ. ನಾನೂ ಹಂಗ ಅಂತೇನಿ,” ಎಂದ.

ಪುಟ್ ಎಂದರೆ ಇಡು. ಅಪ್ ಎಂದರೆ ಮೇಲೆ. ವಿತ್ ಎಂದರೆ ಕೂಡ. ಬೆಂಕಿಯ ಕೂಡ ಮೇಲೆ ಇಡುತ್ತೇನೆ? ಏನನ್ನು ಇಡುತ್ತಾನೆ, ಎಲ್ಲಿ ಇಡುತ್ತಾನೆ? ನನ್ನ ಹತ್ತಿರ ಇದ್ದ ಸಣ್ಣ ಕೋಶದಲ್ಲಿ ಆ ಮಾತಿಲ್ಲ. “ಅರ್ಥ ಹೇಳು,” ಎಂದೆ. “ಅರ್ಥ ಗೊತ್ತಿಲ್ರಿ. ತಡಕೋತೇನಿ ಅಂದಂಗ ಅನ್ರಿ. ಬ್ಯಾರೆ ದಾರಿ ಇಲ್ಲ, ತಡಕೋತೇನಿ,” ಎಂದ. 

ಅರೆ! ಮೂರು ಬಿಡಿ ಶಬ್ದ ಕೂಡಿದ ಕೂಡಲೇ ಮೂರರಲ್ಲಿ ಒಂದರಲ್ಲೂ ಇಲ್ಲದ ತಾಳ್ಮೆ ಎಲ್ಲಿಂದ ಬಂತು? ಊಟಕ್ಕೆ ಕೂತರೂ ಅದೇ, ಸಂಧ್ಯಾವಂದನೆಗೆ ಕೂತರೂ ಅದೇ. ಮರುದಿನ ಅವನು ಬಂದ ಕೂಡಲೇ, “ಅಂಥಾವು ಇನ್ನೂ ಅವ ಏನು?” ಎಂದು ಕೇಳಿದೆ. ಇದ್ದವು, ರಾಶಿ ಇದ್ದವು! ಗಿವ್ ಎಂಬ ಒಂದು ಶಬ್ದಕ್ಕೆ ಅವನ ಹತ್ತಿರ ಮೂರು ಬಾಲ ಇದ್ದವು. ‘ಐ ಗಿವ್ ಅಪ್’ ಎಂದರೆ ನನ್ನ ಕೈಲಾಗದು, ಬಿಟ್ಟೆ. ‘ಐ ಗಿವ್ ಇನ್’ ಎಂದರೆ ನಿನ್ನ ಮಾತಿಗೆ ಸೋತೆ. ‘ಐ ಗಿವ್ ವೇ’ ಎಂದರೆ ನೀನು ಮುಂದೆ ಹೋಗು. ಒಂದೊಂದನ್ನೂ ಅವನು ಕೈಯಿಂದ ಮಾಡಿ ತೋರಿಸುತ್ತಿದ್ದ, ಎರಡೂ ಕೈ ಮೇಲೆತ್ತಿ, ತಲೆ ತಗ್ಗಿಸಿ, ಪಕ್ಕಕ್ಕೆ ಸರಿದು. ನಾನು ಬಟ್ಟೆಯ ಹೊದಿಕೆಯ ವಹಿಯೊಂದನ್ನು ತೆಗೆದು ಬರೆದುಕೊಳ್ಳತೊಡಗಿದೆ.

“ಇವರು ಇಂಥಾ ಸಣ್ಣ ಶಬ್ದ ಇಟಗೊಂಡು ಹೆಂಗ ಗೊಂದಲ ಇಲ್ಲದ ಬದಕ್ತಾರೋ?” ಎಂದು ನಾನು ಗೊಣಗಿದಾಗ, ಅವನು ತಲೆ ಕೆರೆದುಕೊಂಡ.

“ನಮ್ಮಾಗೂ ಹಂಗ ಐತಲ್ರಿ ಮಾಸ್ತರ. ನಾ ರೊಟ್ಟಿ ತಿಂದೆ ಅಂದ್ರ ಒಂದು. ತಿಂದುಬಿಟ್ಟೆ ಅಂದ್ರ ಇನ್ನೊಂದು. ತಿಂದುಹಾಕಿದೆ ಅಂದ್ರ ತಾಜಬಿ ಸೌಟು ತಗೋತಾಳ. ಅದರಾಗ ಬಿಡೂದು ಎಲ್ಲೈತ್ರಿ, ಹಾಕೂದು ಎಲ್ಲೈತ್ರಿ?”

ಒಳಗಿನಿಂದ ಅಂಬಾಬಾಯಿಯ ನಗು ಕೇಳಿಸಿತು. ನನಗೆ ನಗು ಬರಲಿಲ್ಲ. ಹೇಳಿದೆ, ಹೇಳಿಬಿಟ್ಟೆ, ಹೇಳಿಕೊಟ್ಟೆ, ಹೇಳಿಕೊಂಡೆ. ಹುಟ್ಟಿದಾಗಿನಿಂದ ಆಡುತ್ತಿರುವ ಮಾತು. ಎರಡು ಭಾಷೆಯ ನಡುವೆ ಮೂವತ್ತು ವರ್ಷ ಓಡಾಡಿದವನಿಗೆ ಹೊಳೆಯದೆ ಇದ್ದದ್ದು, ಒಂದಕ್ಷರ ಓದಲು ಬಾರದ ಈ ಮನುಷ್ಯನಿಗೆ ಹೊಳೆದಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ? ಖುಷಿಯೂ ಆಯಿತು.

ಮುಂದಿನ ರವಿವಾರ ನಾನೇ ಕೋಟು ಹಾಕಿಕೊಂಡು ಇಂಜಿನ್ನುಗಳು ನಿಲ್ಲುವ ಶೆಡ್ಡಿಗೆ ಹೋದೆ. ಫಕ್ರುಸಾಬ ನನ್ನನ್ನು ನೀರಿನ ಕಂಬದ ನೆರಳಿನಲ್ಲಿ ನಿಲ್ಲಿಸಿದ. ಎದುರಿಗೆ ಅವನ ಮುದುಕ ಡ್ರೈವರ ಸಾಹೇಬ ಇನ್ನೊಬ್ಬ ಗೋರಾ ಡ್ರೈವರನ ಜೊತೆ ಚಹಾ ಕುಡಿಯುತ್ತಿದ್ದ. ನಾನು ಕಿವಿ ನಿಮಿರಿಸಿದೆ, ತಿಳಿಯದ್ದನ್ನು ಫಕ್ರುಸಾಬ ಪಿಸುಮಾತಿನಲ್ಲಿ ಬಿಡಿಸಿ ಹೇಳಿದ. ನಿನ್ನೆ ಬೇಗ ಮಲಗಿದೆ ಎನ್ನಲು ಅವನು ‘ಟರ್ನ್ಡ್ ಇನ್’ ಎಂದ. ಹೆಂಡತಿಯ ಜೊತೆ ಜಗಳವಾಯಿತು ಎನ್ನಲು ‘ಫೆಲ್ ಔಟ್’ ಎಂದ, ರಾಜಿಯಾಯಿತು ಎನ್ನಲು ‘ಮೇಡ್ ಅಪ್’ ಎಂದ. ಅರ್ಧ ತಾಸಿನಲ್ಲಿ ನನ್ನ ದೊಡ್ಡ ಶಬ್ದ ಒಂದಾದರೂ ಅವನ ಬಾಯಿಂದ ಬೀಳಲಿಲ್ಲ. ಹುಟ್ಟು ಇಂಗ್ಲಿಷು ಮಾತಾಡುವವನು ತನ್ನ ಸುಖ, ದುಃಖ, ನಿದ್ದೆ, ಜಗಳವನ್ನೆಲ್ಲ ನಾನು ಎರಡನೆಯ ಇಯತ್ತೆಗೇ ಬಿಡಿಸುವ ಶಬ್ದಗಳಿಂದ ಹೇಳಿ ಮುಗಿಸಿದ. ವಹಿಯಲ್ಲಿ ಹನ್ನೊಂದು ಹೊಸ ಮಾತು ಬರೆದುಕೊಂಡು, ಹಬ್ಬದ ಊಟ ಉಂಡವನಂತೆ ಮನೆಗೆ ಬಂದೆ.

ಅಷ್ಟು ಕೇಳಿದ ಮೇಲಾದರೂ ಫಕ್ರುಸಾಬನ ಬಾಯಿಗೆ ನಾನು ತುರುಕಿದ್ದನ್ನು ತೆಗೆಯಬೇಕಿತ್ತು. ತೆಗೆಯಲಿಲ್ಲ! ಮನೆಯಲ್ಲಿ ಬರೀ ಧೋತರ ಸಾಕು, ಕಚೇರಿಗೆ ಕೋಟು ಬೇಕು. ಮಾತಿಗೂ ಹಾಗೆಯೇ, ಪರೀಕ್ಷೆ ಎಂದರೆ ಪರೀಕ್ಷೆ ಎಂದು ನನಗೆ ನಾನೇ ಹೇಳಿಕೊಂಡೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಅದು. ಸಂಜೆಯ ಮೊದಲರ್ಧ ಅವನ ಶಬ್ದಗಳನ್ನು ನಾನು ಆಸೆಯಿಂದ ಬರೆದುಕೊಳ್ಳುವುದು, ಎರಡನೆಯರ್ಧ ಅದೇ ಶಬ್ದಗಳನ್ನು ಆಡಿದರೆ ಅವನನ್ನು ಗದರುವುದು. ತಿಂಗಳು ಮುಗಿಯುವ ಹೊತ್ತಿಗೆ ನನ್ನ ವಹಿಯಲ್ಲಿ ಅವನ ಇಂಗ್ಲಿಷು ತುಂಬಿತ್ತು, ಅವನ ತಲೆಯಲ್ಲಿ ನನ್ನದು.

ಪರೀಕ್ಷೆಯ ದಿನ ಮುಂಜಾನೆ ಒಂಬತ್ತಕ್ಕೆ ಅವನ ಜೊತೆ ನಾನೂ ಹೋದೆ. ಫೋರ್‌ಮನ್ ಸಾಹೇಬನ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತರೆ ಕಿಟಕಿಯಿಂದ ಎಲ್ಲ ಕೇಳಿಸುತ್ತಿತ್ತು. ಆರಂಭ ಛಲೋ ಆಯಿತು. ಫಕ್ರುಸಾಬ ನಾನು ಹೇಳಿಕೊಟ್ಟಂತೆ ‘ಐ ಅರೈಸ್’ ಎಂದ, ‘ಐ ರಿಪ್ಲೆನಿಶ್’ ಎಂದ. ಭೇಷ್ ಎಂದುಕೊಂಡೆ. ಸಾಹೇಬ, ಗಾಡಿಯ ಡಬ್ಬಿಗಳಿಗೆ ಇಂಜಿನ್ನು ಜೋಡಿಸಬೇಕಾದರೆ ಏನು ಮಾಡುತ್ತೀ ಎಂದು ಕೇಳಿದ. ‘ಐ ರಿಟ್ರೀಟ್, ಸರ್.’ ‘ಯಾರಿಗೆ ಹೆದರಿ?’ ಎಂದ ಸಾಹೇಬ. ಕೋಣೆಯೊಳಗೆ ಇನ್ಯಾರೋ ನಕ್ಕರು. ರಿಟ್ರೀಟ್ ಎಂದರೆ ಸೋತ ದಂಡು ಹಿಂದೆ ಓಡುವುದು ಎಂದು ನನಗೆ ಆಗ ನೆನಪಾಯಿತು.

ಅಷ್ಟರಲ್ಲಿ ಸಾಹೇಬ ರೂಲು ಕಟ್ಟಿಗೆಯಿಂದ ಮೇಜನ್ನು ಫಟ್ಟನೆ ಬಡಿದು ಕೂಗಿದ: ‘ಎದುರಿಗೆ ಸಿಗ್ನಲ್ ಕೆಂಪು! ಹಳಿ ತೊಯ್ದಿದೆ! ಹೇಳು!’

ಇಂಜಿನ್ನಿನ ಮೇಲೆ ಒಂದು ರೂಢಿ ಇದೆ. ಸಿಗ್ನಲ್ ನೋಡಿ ಒಬ್ಬ ಕೂಗಿದರೆ, ಇನ್ನೊಬ್ಬ ಅದೇ ಉಸಿರಿನಲ್ಲಿ ತಿರುಗಿ ಕೂಗಬೇಕು. ಕೂಗದಿದ್ದರೆ ಅವನಿಗೆ ಕಂಡಿಲ್ಲ ಎಂದೇ ತಿಳಿಯುವುದು. ಹದಿನಾರು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ ಎಂದು ಫಕ್ರುಸಾಬ ನನ್ನೆದುರು ಹೆಮ್ಮೆ ಪಟ್ಟಿದ್ದ. ಈಗ ಅವನ ದನಿ ಕೇಳಲಿಲ್ಲ. ನಾನು ಎದ್ದು ಕಿಟಕಿಯಲ್ಲಿ ಇಣುಕಿದೆ. ಬಲಗೈ ತಾನಾಗಿಯೇ ಎದ್ದು ಗಾಳಿಯಲ್ಲಿ ಹಿಡಿಕೆ ಎಳೆದಿತ್ತು. ಬಾಯಿ ಮಾತ್ರ ತೆರೆದುಕೊಂಡು ಹಾಗೇ ನಿಂತಿತ್ತು. ಒಂದು ಉಸಿರು, ಎರಡು, ಮೂರು. ‘ಡಿಸ್... ಐ ಡಿಸ್...’ ಎಂದ. ಸಾಹೇಬ ರೂಲು ಕಟ್ಟಿಗೆ ಕೆಳಗಿಟ್ಟ. ‘ಇಷ್ಟು ಹೊತ್ತಿಗೆ ಮೂವತ್ತು ಜನ ಸತ್ತರು. ನೀನು ಹೋಗಬಹುದು,’ ಎಂದ.

ಫಕ್ರುಸಾಬ ಹೊರಗೆ ಬಂದ. ನನಗೆ ಅವನ ಮುಖ ನೋಡುವುದಾಗಲಿಲ್ಲ.

“ಎರಡೂ ಮಾತು ಕೂಡೇ ಬಂದ್ವುರಿ ಮಾಸ್ತರ. ಬಾಗಲದಾಗ ಸಿಕ್ಕೊಂಡ್ವು, ಒಂದೂ ಹೊರಗ ಬರಲಿಲ್ಲ,” ಎಂದ. ಸಿಟ್ಟಿಲ್ಲ, ಅಳುವಿಲ್ಲ. “ಹೋಗಲಿ ಬಿಡ್ರಿ. ಹತ್ತಕ್ಕ ನನ್ನ ಡ್ಯೂಟಿ ಐತಿ.” ಗೋಡೆಗೆ ಆನಿಸಿದ್ದ ಸಲಿಕೆ ತೆಗೆದುಕೊಂಡು, ಎರಡು ಸಲ ಕೆಮ್ಮಿ, ಹಳಿ ದಾಟಿ ಇಂಜಿನ್ನಿನ ಕಡೆ ನಡೆದ.

ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡಿದವನು ನಾನು. ಬೇರೆ ಯಾರೂ ಅಲ್ಲ. ನನ್ನ ಮೇಲೆ ನನಗೆ ಬಂದಂಥ ಸಿಟ್ಟು ಯಾವ ಹುಡುಗನ ಮೇಲೂ ಎಂದೂ ಬಂದಿರಲಿಲ್ಲ. ಸೀದಾ ಸಾಹೇಬನ ಕೋಣೆಗೆ ನುಗ್ಗಿದೆ.

ಬಾಗಿಲಲ್ಲಿ ಒಂದು ವಾಕ್ಯ ಸಜ್ಜಾಗಿತ್ತು. ‘ಐ ಹಂಬ್ಲಿ ಬೆಗ್ ಟು ಸಬ್ಮಿಟ್’ ಎಂದು ಅರ್ಜಿಯಲ್ಲಿ ಬರೆಯುತ್ತೇವಲ್ಲ, ಅದು. ಅದು ಹೊರಗೆ ಬರಲಿಲ್ಲ. ಮೂವತ್ತು ವರ್ಷ ‘ಐ’ ಎಂದು ಹುಡುಗರಿಂದ ಹೇಳಿಸಿದ್ದೆ. ನಾನು, ಈ ಪಂಢರಿನಾಥ, ನನ್ನ ಬಗ್ಗೆ ಒಂದು ಖರೇ ಮಾತನ್ನು ಇಂಗ್ಲಿಷಿನಲ್ಲಿ ಎಂದೂ ಆಡಿರಲಿಲ್ಲ ಎಂದು ಆ ಕ್ಷಣ ತಿಳಿಯಿತು. ಬಾಯಿಗೆ ಬಂದದ್ದು ವಹಿಯ ಮಾತುಗಳೇ. ‘ಹಿ ನೋಸ್, ಸರ್. ಐ ಮಿಕ್ಸ್‌ಡ್ ಹಿಮ್ ಅಪ್. ಐ ಲೆಟ್ ಹಿಮ್ ಡೌನ್.’ ಅವನಿಗೆ ಬರುತ್ತದೆ. ಅವನನ್ನು ಗಲಿಬಿಲಿ ಮಾಡಿದವನು ನಾನು, ನಂಬಿದವನನ್ನು ನಡುನೀರಲ್ಲಿ ಬಿಟ್ಟವನು ನಾನು. 

ಸಾಹೇಬ ನನ್ನನ್ನು ಮೇಲಿಂದ ಕೆಳಗೆ ನೋಡಿದ. ‘ನೀನು ಯಾರು?’ ‘ಇಂಗ್ಲಿಷ್ ಮಾಸ್ತರ.’ ‘ಈಗ ಆಡಿದೆಯಲ್ಲ, ಈ ಇಂಗ್ಲಿಷು ನಿನಗೆ ಯಾರು ಕಲಿಸಿದರು?’ ನಾನು ಕಿಟಕಿಯ ಹೊರಗೆ ಕೈ ಮಾಡಿದೆ. ಫಕ್ರುಸಾಬ ಇಂಜಿನ್ನು ಹತ್ತುತ್ತಿದ್ದ. ‘ಆ ಮನುಷ್ಯನೇ ಸರ್. ಅವನನ್ನು ಅಲ್ಲೇ ಕೇಳಿ ನೋಡಿ. ಕೋಣೆಯಲ್ಲಿ ಬೇಡ.’

ಸಾಹೇಬ ಎದುರಿಗಿದ್ದ ಕಾಗದ ನೋಡಿದ. ಇನ್ನೂ ಸಹಿ ಮಾಡಿರಲಿಲ್ಲ. ಕಾಗದ ಮಡಚಿ ಜೇಬಿಗೆ ಹಾಕಿಕೊಂಡು, ಟೊಪ್ಪಿಗೆ ತೆಗೆದುಕೊಂಡು ಹೊರಟ.

ನಾನು ಧೋತರದ ಚುಂಗು ಹಿಡಿದು ಹಳಿಗಳ ನಡುವೆ ಹಿಂದೆಯೇ ಓಡಿದೆ. ಸಾಹೇಬ ಇಂಜಿನ್ನು ಹತ್ತಿ, ಮುದುಕ ಡ್ರೈವರನನ್ನು ಕೆಳಗಿಳಿಸಿ, ಫಕ್ರುಸಾಬನ ಕೈಯಿಂದ ಸಲಿಕೆ ಕಸಿದುಕೊಂಡು ಹಿಡಿಕೆ ತೋರಿಸಿದ. ಇಂಜಿನ್ನು ಉಸಿರು ಬಿಟ್ಟು ಹೊರಟಿತು. ನೂರು ಮಾರು ಹೋಗಿರಬೇಕು, ಸಾಹೇಬನ ಕೂಗು ಕೇಳಿತು: ‘ರೆಡ್!’

ಆ ಕೂಗು ಮುಗಿಯಲಿಲ್ಲ, ಅದರ ಮೇಲೆಯೇ ಇನ್ನೊಂದು ದನಿ ಎದ್ದಿತು: ‘ರೆಡ್! ಐ ಶಟ್ ಆಫ್! ಐ ಪುಟ್ ಆನ್ ಬ್ರೇಕ್!’ ಗಾಲಿಗಳು ಕಿರುಗುಟ್ಟಿದವು. ಸಿಗ್ನಲ್ಲು ಇನ್ನೂ ಎಷ್ಟೋ ದೂರ ಇರುವಾಗಲೇ ಇಂಜಿನ್ನು ಮೆತ್ತಗೆ ನಿಂತಿತು. ‘ಐ ಬ್ಯಾಕ್ ಅಪ್!’ ಎಂದು ಕೂಗುತ್ತ ತಿರುಗಿ ನನ್ನ ಮುಂದೆಯೇ ತಂದು ನಿಲ್ಲಿಸಿದ. ಸಾಹೇಬ ತೊಡೆಯ ಮೇಲೆ ಕಾಗದ ಇಟ್ಟು ಸಹಿ ಮಾಡಿ, ಅವನ ಭುಜ ತಟ್ಟಿ ಇಳಿದು ಹೋದ. ಹೋಗುವಾಗ ನನ್ನ ಕಡೆ ನೋಡಲೂ ಇಲ್ಲ.

ಫಕ್ರುಸಾಬ ಇಳಿದು ಬಂದ. ಮಸಿ ಮುಖದಲ್ಲಿ ಕಣ್ಣೀರು ಎರಡು ಗೆರೆ ಎಳೆದಿತ್ತು. ಬಗ್ಗಿ ನನ್ನ ಕಾಲು ಮುಟ್ಟಲು ಹೋದ. 

“ನಿಮ್ಮಿಂದ ಪಾಸಾದೆ ಮಾಸ್ತರ! ನಿಮ್ಮ ಉಪಕಾರ ಸಾಯೂತನಕ ಮರಿಯೂದಿಲ್ರಿ!”

ನಾನು ಅವನ ಎರಡೂ ಕೈ ಹಿಡಿದುಕೊಂಡೆ. “ಮುಟ್ಟಬ್ಯಾಡೋ ಮಾರಾಯ. ನಾ ಕಲಿಸಿದ್ದು ತಪ್ಪಿತ್ತು. ನಿನ್ನ ಮಾತೇ ಖರೇ ಇತ್ತು. ಸಾಹೇಬರು ಹಂಗ ಮಾತಾಡೂದು ಕೇಳಿದ ಮ್ಯಾಲೂ ನಾ ಹಟಾ ಬಿಡಲಿಲ್ಲ. ನನ್ನ ಜಂಬಕ್ಕ ನಿನ್ನ ಜೀವಾ ತಗೋತಿದ್ದೆ.”

ಅವನು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. “ಗೊತ್ತಿತ್ರಿ,” ಎಂದ.

“ಏನು ಗೊತ್ತಿತ್ತು?”

“ಯಾವ ಡ್ರೈವರನೂ ಹಂಗ ಅನ್ನೂದಿಲ್ಲ ಅಂತ. ಮೊದಲನೇ ದಿನಾನ ಗೊತ್ತಿತ್ರಿ. ತಾಜಬಿಗೂ ಹೇಳಿದ್ದೆ. ಆಕಿ, ಸುಮ್ಮ ಕಲಕೊಂಡು ಬರ್ರಿ, ಮಾಸ್ತರ್ರ ಮನಸ್ಸು ನೋಯಬಾರದು ಅಂದ್ಲು.”

“ಮತ್ತ ಹೇಳಬಾರದೇನೋ ನನಗ? ಜೀವದ ಪ್ರಶ್ನೆ ಇತ್ತಲ್ಲೋ! ಒಂದು ಮಾತು, ಒಂದೇ ಒಂದು ಮಾತು ಹೇಳಬಾರದಾಗಿತ್ತೇನು?”

ಫಕ್ರುಸಾಬ ನಕ್ಕ. ನನ್ನ ಮೇಲೆ ಅವನಿಗೆ ಮರುಕ ಬಂದಿತ್ತು ಎಂದು ಕಾಣುತ್ತದೆ.

“ಮಾಸ್ತರಿಗೆ ‘ನಿಮ್ಮದು ತಪ್ಪು’ ಅನ್ನಾಕ ನನಗ ಯಾವ ಭಾಷಾದಾಗ ಬರ್ತೈತ್ರಿ?”

ಮುದುಕ ಡ್ರೈವರ ಸಾಹೇಬ ಮೇಲಿನಿಂದ ಅವನನ್ನು ಕೂಗಿದ. ಅವನು ನನಗೆ ಸಲಾಮು ಮಾಡಿ ಹೋದ. ಆ ದಿನ ಶಾಲೆಯಲ್ಲಿ ಹಾಜರಿ ತೆಗೆದುಕೊಳ್ಳುವಾಗ ಒಂದೊಂದು ಹೆಸರಿಗೂ ತಲೆಯೆತ್ತಿ, ಇವನಿಗೂ ನನ್ನ ತಪ್ಪು ಯಾವುದಾದರೂ ಗೊತ್ತಿರಬಹುದೇ ಎಂದು ಹುಡುಗರ ಮುಖ ನೋಡಿದೆ. ನಲವತ್ತೆರಡು ಹುಡುಗರು ಕೈ ಕಟ್ಟಿಕೊಂಡು ಸುಮ್ಮನೆ ಕೂತಿದ್ದರು.